ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ದುಡಿಸುವುದು: ಒಂದು ಕನ್ನಡ ಡಿಟಿಪಿ ಕೊಠಡಿಯ ಅನುಭವ

ನಾಲ್ಕು ಕಂಪ್ಯೂಟರ್‌ಗಳ ಡಿಟಿಪಿ ಕೊಠಡಿ. ಕೆಲಸವೆಂದರೆ ಲಗ್ನಪತ್ರಿಕೆ, ಕರಪತ್ರ, ಸಂಘಗಳ ವಾರ್ಷಿಕ ವರದಿ, ಆಗೊಂದು ಈಗೊಂದು ಪುಸ್ತಕ. ಯಂತ್ರಗಳು ಇಂಟೆಲ್‌ನ ಮೂರನೇ ಪೀಳಿಗೆಯ ಐ3. ರ್‍ಯಾಮ್ 4 ಜಿಬಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಬೇಕು. ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ ಆ ಬಾಗಿಲು ಮುಚ್ಚಿತ್ತು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿದೆವು.

ಲಿನಕ್ಸ್ ಹಾಕುವುದು ಅರ್ಧ ದಿನದ ಕೆಲಸ. ವಾರಗಟ್ಟಲೆ ಹಿಡಿದದ್ದು ವಿಂಡೋಸ್‌ಗೆಂದೇ ಬರೆದ ನಾಲ್ಕು ತಂತ್ರಾಂಶಗಳನ್ನು ಜೊತೆಗೆ ಕರೆತರುವುದು: ಕನ್ನಡ ಟೈಪಿಂಗ್ ತಂತ್ರಾಂಶ, ಹಳೆಯ ಪುಟವಿನ್ಯಾಸ ತಂತ್ರಾಂಶ, ವಿಷುವಲ್ ಬೇಸಿಕ್ 6ರಲ್ಲಿ ಬರೆಸಿಕೊಂಡಿದ್ದ ಬಿಲ್ಲಿಂಗ್ ತಂತ್ರಾಂಶ, ಮತ್ತು ಯುಎಸ್‌ಬಿ ಡಾಂಗಲ್ (ಪರವಾನಗಿಯ ಗುರುತಾಗಿ ಚುಚ್ಚಿಡುವ ಚಿಕ್ಕ ಸಾಧನ) ಇದ್ದರಷ್ಟೇ ತೆರೆದುಕೊಳ್ಳುವ ಸ್ಟಿಕರ್ ಕಟಿಂಗ್ ತಂತ್ರಾಂಶ. ಇಂಥದೇ ಕೆಲಸಕ್ಕೆ ಇಳಿಯುವವರಿಗೆ ದಾರಿಯ ಗುಂಡಿಗಳು ಮೊದಲೇ ಗೊತ್ತಿರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇವೆ.

ನಾವು ನೆಚ್ಚಿಕೊಂಡದ್ದು ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಎಂಬ ತಂತ್ರಾಂಶವನ್ನು. ಅದು ಏನು ಮಾಡುತ್ತದೆ ಎಂಬುದು ತಿಳಿದಿದ್ದರೆ ಮುಂದೆ ಎದುರಾಗುವ ತೊಂದರೆಗಳ ಬೇರು ತಾನಾಗಿ ಕಾಣುತ್ತದೆ. ವಿಂಡೋಸ್ ಪ್ರೋಗ್ರಾಂ ಒಳಗಿರುವ ಯಂತ್ರಸಂಕೇತ ಪ್ರೊಸೆಸರ್‌ಗೆ ಸೇರಿದ್ದು, ವಿಂಡೋಸ್‌ಗೆ ಸೇರಿದ್ದಲ್ಲ. ಅದೇ ಇಂಟೆಲ್ ಚಿಪ್ ಲಿನಕ್ಸ್‌ನಲ್ಲೂ ಅದನ್ನು ನೇರವಾಗಿ ನಡೆಸಬಲ್ಲದು. ಲಿನಕ್ಸ್‌ನಲ್ಲಿ ಇಲ್ಲದಿರುವುದು ಆ ಸಂಕೇತ ಹೆಜ್ಜೆಹೆಜ್ಜೆಗೂ ಕರೆಯುವ ಸಹಾಯಕರು: ಕಿಟಕಿ ತೆರೆಯುವ ಯೂಸರ್32, ಅಕ್ಷರ ಮೂಡಿಸುವ ಜಿಡಿಐ32, ಕಡತ ತೆರೆಯುವ ಕರ್ನೆಲ್32. ವೈನ್ ಅದೇ ಹೆಸರಿನ, ಅದೇ ಕರೆಗೆ ಓಗೊಡುವ ಸಹಾಯಕರನ್ನು ಹೊಸದಾಗಿ ಬರೆದು ಕೊಡುತ್ತದೆ. ಅವರು ಬಂದ ಕೆಲಸವನ್ನು ಲಿನಕ್ಸ್‌ಗೆ ದಾಟಿಸುತ್ತಾರೆ. ಪ್ರೋಗ್ರಾಂಗಳು ಪರಸ್ಪರ ಮಾತಾಡಬೇಕಾದಾಗ ನಡುವೆ ನಿಲ್ಲುವುದು ವೈನ್‌ಸರ್ವರ್ ಎಂಬ ಇನ್ನೊಂದು ಪ್ರೋಗ್ರಾಂ. ಈ ಹೆಸರನ್ನು ನೆನಪಿಡಿ. ನಮ್ಮ ಅತಿ ದೊಡ್ಡ ತಪ್ಪು ಇದಕ್ಕೆ ಸಂಬಂಧಿಸಿದ್ದು.

ವೈನ್ ಶುರುವಾದದ್ದು 1993ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಐಬಿಎಂ ತನ್ನ ಓಎಸ್/2 2.0ರಲ್ಲಿ ವಿಂಡೋಸ್ ತಂತ್ರಾಂಶ ನಡೆಸಿ ತೋರಿಸಿತ್ತು. ಆದರೆ ಐಬಿಎಂ ಕೈಯಲ್ಲಿ ಒಪ್ಪಂದದ ಮೂಲಕ ಬಂದ ಮೈಕ್ರೋಸಾಫ್ಟ್‌ನ ಮೂಲಸಂಕೇತವೇ ಇತ್ತು. ವೈನ್‌ನವರಿಗೆ ಆ ಅನುಕೂಲವಿರಲಿಲ್ಲ. ಪ್ರಕಟಿತ ದಾಖಲೆ ಓದುವುದು, ಚಿಕ್ಕ ಪರೀಕ್ಷಾ ಪ್ರೋಗ್ರಾಂ ಬರೆದು ವಿಂಡೋಸ್ ಏನು ಉತ್ತರ ಕೊಡುತ್ತದೆಂದು ನೋಡುವುದು, ಅದೇ ಉತ್ತರ ಬರುವಂತೆ ತಾವು ಬರೆಯುವುದು, ಹೀಗೆ ನಡೆದು 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ. 1994ರಿಂದ ಅದರ ಹೊಣೆ ಹೊತ್ತವರು ಅಲೆಕ್ಸಾಂದ್ರ್ ಜುಲಿಯಾರ್. ಇಂಥ ತಾಳ್ಮೆಯ ಕೆಲಸದ ಫಲ ಇವತ್ತು ನಮ್ಮಂಥ ಸಣ್ಣ ಕೊಠಡಿಗೂ ಪುಕ್ಕಟೆಯಾಗಿ ಸಿಗುತ್ತಿದೆ ಎಂಬುದನ್ನು ಮರೆಯಬಾರದು.

ಮೊದಲ ದಿನ ಏನನ್ನೂ ಇನ್‌ಸ್ಟಾಲ್ ಮಾಡದೆ ಪಟ್ಟಿ ಮಾಡಿದೆವು. ಪ್ರತಿ ತಂತ್ರಾಂಶಕ್ಕೂ ಕೇಳಿದ ಪ್ರಶ್ನೆಗಳು ಇಷ್ಟೇ. 32 ಬಿಟ್ಟೋ 64 ಬಿಟ್ಟೋ? ಡ್ರೈವರ್ ಹಾಕುತ್ತದೆಯೇ? ಡಾಂಗಲ್ ಇದೆಯೇ? ಪ್ರಿಂಟರ್‌ಗೆ ವಿಂಡೋಸ್ ಮೂಲಕ ಕಳಿಸುತ್ತದೆಯೇ, ಪೋರ್ಟ್‌ಗೆ ನೇರವಾಗಿ ಬರೆಯುತ್ತದೆಯೇ? ಡೇಟಾಬೇಸ್ ಯಾವುದು? ಇನ್ನಾವ ತಂತ್ರಾಂಶದ ಜೊತೆ ಕೈಜೋಡಿಸಿ ಕೆಲಸ ಮಾಡುತ್ತದೆ? ಕೊನೆಯ ಪ್ರಶ್ನೆಗೆ ಆಗ ಸಾಕಷ್ಟು ಬೆಲೆ ಕೊಡಲಿಲ್ಲ.

ಡೆಬಿಯನ್ 12ರ ಭಂಡಾರದಲ್ಲಿ ವೈನ್ 8.0 ಇದೆ. ನಮ್ಮ ತಂತ್ರಾಂಶಗಳೆಲ್ಲ 32 ಬಿಟ್‌ನವು, ಆದರೆ ಡೆಬಿಯನ್ 64 ಬಿಟ್‌ನದು. ಹಾಗಾಗಿ ಮೊದಲು ಡಿಪಿಕೆಜಿ ಆಜ್ಞೆಯಿಂದ ಐ386 ಎಂಬ 32 ಬಿಟ್ ವಿನ್ಯಾಸವನ್ನು ಸೇರಿಸಿ, ಪ್ಯಾಕೇಜ್ ಪಟ್ಟಿ ನವೀಕರಿಸಿ, ಆಮೇಲೆ ವೈನ್ ಜೊತೆಗೆ ವೈನ್32 ಪ್ಯಾಕೇಜನ್ನೂ ಹಾಕಬೇಕು. ಈ ಮೊದಲ ಹೆಜ್ಜೆ ಬಿಟ್ಟರೆ ವೈನ್32 ಕಾಣೆಯಾಗಿದೆ ಎಂಬ ಸಂದೇಶ ಬರುತ್ತದೆ, 32 ಬಿಟ್‌ನ ಒಂದು ಪ್ರೋಗ್ರಾಮೂ ತೆರೆಯುವುದಿಲ್ಲ. ವೈನ್‌ಟ್ರಿಕ್ಸ್ ಎಂಬ ಸಹಾಯಕ ಸಾಧನ ಕಾಂಟ್ರಿಬ್ ವಿಭಾಗದಲ್ಲಿದೆ. ಭಂಡಾರದ ಪಟ್ಟಿಯಲ್ಲಿ ಆ ವಿಭಾಗವನ್ನು ಸೇರಿಸದಿದ್ದರೆ ಸಿಗದು. ಇನ್ನೊಂದು ಎಚ್ಚರ: ವೈನನ್ನು ಎಂದೂ ಸುಡೋ ಹಾಕಿ (ಅಂದರೆ ಯಂತ್ರದ ಮೇಲ್ವಿಚಾರಕನಾದ ರೂಟ್ ಹೆಸರಿನಲ್ಲಿ) ನಡೆಸಬೇಡಿ. ಒಮ್ಮೆ ಹಾಗೆ ನಡೆಸಿದರೆ ಕಡತಗಳ ಒಡೆತನ ರೂಟ್‌ಗೆ ಹೋಗಿ, ಮುಂದಿನ ಸಲ ಈ ಫೋಲ್ಡರ್ ನಿಮ್ಮದಲ್ಲ ಎಂದು ವೈನ್ ನಿರಾಕರಿಸುತ್ತದೆ.

ವೈನ್ ತನ್ನ ವಿಂಡೋಸ್ ಲೋಕವನ್ನೆಲ್ಲ ಒಂದು ಫೋಲ್ಡರಿನಲ್ಲಿ ಕಟ್ಟುತ್ತದೆ. ಅದಕ್ಕೆ ಪ್ರಿಫಿಕ್ಸ್ ಎನ್ನುತ್ತಾರೆ. ಸಿ ಡ್ರೈವ್ ಅದರೊಳಗೆ ಒಂದು ಸಾಧಾರಣ ಫೋಲ್ಡರ್. ವಿಂಡೋಸ್ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ರಿಜಿಸ್ಟ್ರಿ ಎಂಬುದು ಓದಬಲ್ಲ ಪಠ್ಯಕಡತಗಳು. ವೈನ್‌ಪ್ರಿಫಿಕ್ಸ್ ಎಂಬ ಚರಕ್ಕೆ (ಪ್ರೋಗ್ರಾಂ ಶುರುವಾಗುವಾಗ ಓದುವ ಸೆಟ್ಟಿಂಗ್‌ಗೆ) ಬೇರೆ ಫೋಲ್ಡರಿನ ಹಾದಿ ಕೊಟ್ಟರೆ ಬೇರೊಂದು ಪ್ರಿಫಿಕ್ಸ್ ತಯಾರು. 32 ಬಿಟ್‌ನದು ಬೇಕಿದ್ದರೆ ಅದನ್ನು ಮೊದಲ ಸಲ ಕಟ್ಟುವಾಗಲೇ ವೈನ್‌ಆರ್ಕ್ ಎಂಬ ಚರಕ್ಕೆ ವಿನ್32 ಎಂದು ಹೇಳಬೇಕು, ಆಮೇಲೆ ಬದಲಾಯಿಸಲಾಗದು. ವೈನ್‌ನ ಕೆಲವು ಹೊಸ ಕಟ್ಟಣೆಗಳಲ್ಲಿ 32 ಬಿಟ್‌ಗಷ್ಟೇ ಮೀಸಲಾದ ಪ್ರಿಫಿಕ್ಸನ್ನು ಕಟ್ಟಲು ಬಿಡುವುದಿಲ್ಲ. ಹಳೆಯ ತಂತ್ರಾಂಶ ಇರುವವರು ಆವೃತ್ತಿ ಏರಿಸುವ ಮುನ್ನ ಇದನ್ನು ನೋಡಿಕೊಳ್ಳಬೇಕು.

ಪ್ರಿಫಿಕ್ಸ್ ಎಂದರೆ ಬೇಲಿಯಲ್ಲ, ಇದನ್ನು ಒತ್ತಿ ಹೇಳಬೇಕು. ಜೆಡ್ ಡ್ರೈವ್ ಹೆಸರಿನಲ್ಲಿ ಇಡೀ ಲಿನಕ್ಸ್ ಕಡತವ್ಯವಸ್ಥೆ ಒಳಗಿನಿಂದ ಕಾಣುತ್ತದೆ, ಮೈ ಡಾಕ್ಯುಮೆಂಟ್ಸ್ ಎಂಬುದು ನಿಮ್ಮ ನಿಜವಾದ ಡಾಕ್ಯುಮೆಂಟ್ಸ್ ಫೋಲ್ಡರಿಗೇ ಕೊಂಡಿ ಹಾಕಿರುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ವಿಂಡೋಸ್ ವೈರಸ್ಸನ್ನು ವೈನ್‌ನಲ್ಲಿ ತೆರೆದರೆ ಅದು ನಿಮ್ಮ ಕಡತಗಳನ್ನು ಮುಟ್ಟಬಲ್ಲದು. ವೈನ್‌ಟ್ರಿಕ್ಸ್‌ನಲ್ಲಿ ಸ್ಯಾಂಡ್‌ಬಾಕ್ಸ್ ಎಂಬ ಆಯ್ಕೆ ಈ ಕೊಂಡಿಗಳನ್ನು ಕತ್ತರಿಸುತ್ತದೆ. ಬಿಲ್ಲಿಂಗ್ ಪ್ರಿಫಿಕ್ಸ್‌ಗೆ ಅದನ್ನೇ ಮಾಡಿದೆವು.

ಈಗ ಆ ದೊಡ್ಡ ತಪ್ಪು. ಒಂದು ತಂತ್ರಾಂಶಕ್ಕೆ ಒಂದು ಪ್ರಿಫಿಕ್ಸ್, ಇದು ವೈನ್ ಬಳಸುವವರ ನಡುವೆ ರೂಢಿಯಲ್ಲಿರುವ ಒಳ್ಳೆಯ ಸಲಹೆ. ಒಂದಕ್ಕೆ ಹಾಕಿದ ಮದ್ದು ಇನ್ನೊಂದನ್ನು ಕೆಡಿಸುವುದಿಲ್ಲ. ಅದರಂತೆ ಟೈಪಿಂಗ್ ತಂತ್ರಾಂಶ ಒಂದರಲ್ಲಿ, ಪುಟವಿನ್ಯಾಸ ಇನ್ನೊಂದರಲ್ಲಿ ಹಾಕಿದೆವು. ಎರಡೂ ಚೆನ್ನಾಗಿ ತೆರೆದುಕೊಂಡವು. ಪುಟದಲ್ಲಿ ಮಾತ್ರ ಒಂದು ಕನ್ನಡ ಅಕ್ಷರವೂ ಮೂಡಲಿಲ್ಲ.

ಕಾರಣ ಹೀಗಿದೆ. ಆ ಕಾಲದ ಕನ್ನಡ ಟೈಪಿಂಗ್ ತಂತ್ರಾಂಶ ಹುಕ್ ಎಂಬ ವಿಂಡೋಸ್ ಸೌಲಭ್ಯದಿಂದ ಕೆಲಸ ಮಾಡುತ್ತದೆ. ಬೇರೆ ಪ್ರೋಗ್ರಾಂಗೆ ಹೋಗುತ್ತಿರುವ ಕೀಲಿಯನ್ನು ದಾರಿಯಲ್ಲೇ ತಡೆದು, ಅದರ ಬದಲು ಕನ್ನಡ ಅಕ್ಷರಭಾಗಗಳನ್ನು ಕಳಿಸುತ್ತದೆ. ವೈನ್‌ನಲ್ಲಿ ಈ ಹುಕ್‌ಗಳ ಲೆಕ್ಕ ಇಡುವುದು ವೈನ್‌ಸರ್ವರ್. ಪ್ರತಿ ಪ್ರಿಫಿಕ್ಸ್‌ಗೂ ಅದರದೇ ಆದ ವೈನ್‌ಸರ್ವರ್ ಇರುತ್ತದೆ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದು. ನಮ್ಮ ಟೈಪಿಂಗ್ ತಂತ್ರಾಂಶ ಪಕ್ಕದ ಕೋಣೆಯಲ್ಲಿ ಕೂತು ಈ ಕೋಣೆಯ ಮಾತು ಕೇಳಿಸಿಕೊಳ್ಳಲು ಯತ್ನಿಸುತ್ತಿತ್ತು. ಇದೇ ಕಾರಣಕ್ಕೆ ಅದು ಲಿಬ್ರೆಆಫೀಸ್‌ನಂಥ ಲಿನಕ್ಸ್ ಪ್ರೋಗ್ರಾಂಗಳಲ್ಲಿ ಎಂದಿಗೂ ಟೈಪ್ ಮಾಡಲಾರದು, ಏಕೆಂದರೆ ಆ ಕೀಲಿಗಳು ವೈನ್‌ವರೆಗೆ ಬರುವುದೇ ಇಲ್ಲ. ಎರಡನ್ನೂ ಒಂದೇ 32 ಬಿಟ್ ಪ್ರಿಫಿಕ್ಸ್‌ನಲ್ಲಿ ಹಾಕಿದೆವು, ಟೈಪಿಂಗ್ ತಂತ್ರಾಂಶವನ್ನು ಮೊದಲು ತೆರೆದು ಪುಟವಿನ್ಯಾಸವನ್ನು ಆಮೇಲೆ ತೆರೆದೆವು. ಕನ್ನಡ ಬಂತು.

ಬಂತು, ಆದರೆ ನಿಲ್ಲಲಿಲ್ಲ. ನಮ್ಮ ತಂತ್ರಾಂಶದಲ್ಲಿ ಕನ್ನಡ-ಇಂಗ್ಲಿಷ್ ಬದಲಾವಣೆಗೆ ಸ್ಕ್ರೋಲ್ ಲಾಕ್ ಒತ್ತಬೇಕು. ಒತ್ತಿದರೆ ಒಂದಕ್ಷರ ಬಂದು ಮತ್ತೆ ಇಂಗ್ಲಿಷ್‌ಗೆ ಜಾರುತ್ತಿತ್ತು. ಲಿನಕ್ಸ್‌ನ ಪರದೆ, ಕೀಲಿಮಣೆ ನೋಡಿಕೊಳ್ಳುವ ಎಕ್ಸ್ ವ್ಯವಸ್ಥೆಯಲ್ಲಿ ಸ್ಕ್ರೋಲ್ ಲಾಕ್‌ಗೆ ಸಾಮಾನ್ಯವಾಗಿ ಮಾಡಿಫೈಯರ್ (ಶಿಫ್ಟ್‌ನಂತೆ ಬೇರೆ ಕೀಲಿಗಳ ಅರ್ಥ ಬದಲಿಸುವ ಕೀಲಿ) ಸ್ಥಾನ ಕೊಟ್ಟಿರುವುದಿಲ್ಲ. ಆ ಕೀಲಿ ಹೊತ್ತಿದೆಯೋ ಆರಿದೆಯೋ ಎಂಬ ನೆನಪು ಎಕ್ಸ್‌ಗೆ ಇರುವುದಿಲ್ಲ. ವೈನ್ ಮುಂದಿನ ಕೀಲಿ ಬಂದಾಗ ಎಕ್ಸ್‌ನ ಲೆಕ್ಕದೊಂದಿಗೆ ತನ್ನ ಲೆಕ್ಕ ಹೊಂದಿಸಿಕೊಂಡು ಅದನ್ನು ಆರಿಸಿಬಿಡುತ್ತದೆ. ಎಕ್ಸ್‌ಮಾಡ್‌ಮ್ಯಾಪ್ ಆಜ್ಞೆಯಿಂದ ಸ್ಕ್ರೋಲ್ ಲಾಕನ್ನು ಮಾಡ್3 ಸ್ಥಾನಕ್ಕೆ ಸೇರಿಸಿ, ಅದೇ ಸಾಲನ್ನು ಲಾಗಿನ್ ಆದಾಗ ನಡೆಯುವಂತೆ ಇಟ್ಟೆವು. ಕೀಲಿಮಣೆಯ ದೀಪವೂ ಅಂದಿನಿಂದ ಹೊತ್ತತೊಡಗಿತು, ಕೆಲಸ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು.

ಐಬಸ್ ಎಂಬ ಲಿನಕ್ಸ್‌ನ ಟೈಪಿಂಗ್ ವ್ಯವಸ್ಥೆ ಕನ್ನಡದಲ್ಲಿದ್ದರೆ ಇನ್ನೊಂದು ಗೋಜಲು. ಅದು ವೈನ್‌ಗಿಂತ ಮುಂಚೆಯೇ ಕೀಲಿಯನ್ನು ನುಂಗುತ್ತದೆ. ಒಂದು ಕೀಲಿಗೆ ಇಬ್ಬರು ಕನ್ನಡಿಗರು ಕೈಹಾಕಿದಂತೆ. ಆ ಪ್ರಿಫಿಕ್ಸ್‌ನ ರಿಜಿಸ್ಟ್ರಿಯಲ್ಲಿ, ವೈನ್ ವಿಭಾಗದ ಎಕ್ಸ್11 ಡ್ರೈವರ್ ಕೀಲಿಯ ಕೆಳಗೆ ಯೂಸ್‌ಎಕ್ಸ್‌ಐಎಂ ಎಂಬುದಕ್ಕೆ ಎನ್ ಎಂದು ಬರೆದರೆ ವೈನ್ ಐಬಸ್ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಲಿನಕ್ಸ್ ಕೀಲಿಮಣೆಯ ವಿನ್ಯಾಸವನ್ನು ಅಮೆರಿಕನ್ ಇಂಗ್ಲಿಷ್‌ನಲ್ಲೇ ಇಡಬೇಕು.

ಇಷ್ಟಾದ ಮೇಲೆ ಒಂದು ಯಂತ್ರದಲ್ಲಿ ಮಾತ್ರ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂತು. ಇದನ್ನು ವಿವರಿಸಲು ಹಳೆಯ ಕನ್ನಡ ಫಾಂಟ್‌ಗಳ ಗುಟ್ಟನ್ನು ಬಿಚ್ಚಬೇಕು, ಮುಂದೆ ಕಡತ ಬದಲಿಸುವಾಗಲೂ ಅದೇ ಬೇಕಾಗುತ್ತದೆ.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ನುಡಿ ಮಾದರಿಯ ಹಳೆಯ ಫಾಂಟ್‌ಗಳು ಅದನ್ನು ಬಳಸುವುದಿಲ್ಲ. 255ರೊಳಗಿನ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತವೆ. ‘ಕನ್ನಡ’ ಎಂಬ ಪದ ಆ ಫಾಂಟ್‌ನಲ್ಲಿ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳು. 80 ಎಂದರೆ ಕಕಾರದ ಒಡಲು, 192 ತಲೆಕಟ್ಟು, 163 ನಕಾರದ ಒಡಲು, 223 ನ ಒತ್ತು, 113 ಡಕಾರದ ಒಡಲು. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದು ಸಂಕೇತ ಸಾಕು. ಕಂಪ್ಯೂಟರಿನ ಕಣ್ಣಿಗೆ ಹಳೆಯ ಕಡತದಲ್ಲಿ ಕನ್ನಡವೇ ಇಲ್ಲ. ಇರುವುದು ಐರೋಪ್ಯ ಅಕ್ಷರಗಳ ಗೋಜಲು, ಕನ್ನಡ ಕಾಣಿಸುವುದು ಫಾಂಟ್‌ನ ದಯೆಯಿಂದ.

163, 192, 223ರಂಥ ಸಂಖ್ಯೆಗಳಿಗೆ ಅರ್ಥ ಕೊಡುವುದು ವಿಂಡೋಸ್‌ನ 1252 ಎಂಬ ಕೋಡ್‌ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ). ಯೂನಿಕೋಡ್ ತಿಳಿಯದ ಹಳೆಯ ಪ್ರೋಗ್ರಾಂ ಯಾವ ಕೋಡ್‌ಪೇಜ್ ಬಳಸಬೇಕೆಂಬುದನ್ನು ವೈನ್ ತೀರ್ಮಾನಿಸುವುದು ಲಿನಕ್ಸ್‌ನ ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ನೋಡಿ. ಕೆಟ್ಟುಹೋದ ಆ ಯಂತ್ರದ ಲೊಕೇಲ್ ಕನ್ನಡದಲ್ಲಿತ್ತು! ಕನ್ನಡಕ್ಕೆಂದು ವಿಂಡೋಸ್ ಎಂದೂ ಹಳೆಯ ಬಗೆಯ ಸಿಸ್ಟಂ ಕೋಡ್‌ಪೇಜ್ ಕೊಟ್ಟಿಲ್ಲ. ಹೀಗಾಗಿ ಯಂತ್ರವನ್ನು ಪೂರ್ತಿ ಕನ್ನಡದಲ್ಲಿ ಇಟ್ಟುಕೊಂಡವರಿಗೇ ಕನ್ನಡ ಕಾಣದಾಯಿತು. ಪರಿಹಾರವಾಗಿ ಮೊದಲು ಎಲ್‌ಸಿ_ಆಲ್ ಚರಕ್ಕೆ ಅಮೆರಿಕದ ಇಂಗ್ಲಿಷ್ ಕೊಟ್ಟೆವು. ಅಕ್ಷರ ಸರಿಯಾಯಿತು, ಆದರೆ ಹೊಸ ಪುಟ ಎ4 ಬದಲು ಲೆಟರ್ ಅಳತೆಯಲ್ಲಿ ತೆರೆಯಿತು. ಬಿಲ್ಲಿಂಗ್‌ನಲ್ಲಿ ಏಪ್ರಿಲ್ 3 ಮಾರ್ಚ್ 4 ಆಯಿತು. ಪ್ರದೇಶದ ಕಾಗದ, ದಿನಾಂಕ, ಅಂಕಿಗಳ ನಡುವಿನ ಅಲ್ಪವಿರಾಮ ಎಲ್ಲವೂ ಲೊಕೇಲ್ ಜೊತೆಗೇ ಬರುತ್ತವೆ. ಸರಿಯಾದ ಉತ್ತರ ಭಾರತೀಯ ಇಂಗ್ಲಿಷ್, ಯುಟಿಎಫ್-8 ಸಹಿತ. ಅದಕ್ಕೂ 1252 ಕೋಡ್‌ಪೇಜೇ, ಕಾಗದ ಎ4, ದಿನಾಂಕ ನಮ್ಮದು. ಆ ಲೊಕೇಲನ್ನು ಡೆಬಿಯನ್‌ನಲ್ಲಿ ಮೊದಲೇ ಉತ್ಪಾದಿಸಿರಬೇಕು. ಇಲ್ಲದಿದ್ದರೆ ವ್ಯವಸ್ಥೆ ಯುಟಿಎಫ್-8 ಬಿಟ್ಟು ಕೆಳಗಿಳಿದು, ಕನ್ನಡ ಹೆಸರಿನ ಕಡತಗಳು ವೈನ್‌ಗೆ ಕಾಣದಂತಾಗುತ್ತವೆ. ಬದಲಾವಣೆ ಮಾಡಿದ ಮೇಲೆ ವೈನ್‌ಸರ್ವರನ್ನು ನಿಲ್ಲಿಸಿ ಹೊಸದಾಗಿ ಶುರುಮಾಡಿ, ಹಳೆಯದು ಓಡುತ್ತಿದ್ದರೆ ಹೊಸ ಲೊಕೇಲ್ ಹಿಡಿಯದು. ಈ ಚರವನ್ನು ಇಡೀ ಯಂತ್ರಕ್ಕೆ ಹಾಕುವ ಅಗತ್ಯವಿಲ್ಲ, ಆ ತಂತ್ರಾಂಶದ ಐಕಾನ್ ಕಡತದಲ್ಲಿ ಆಜ್ಞೆಯ ಮುಂದೆ ಸೇರಿಸಿದರೆ ಸಾಕು. ಡೆಸ್ಕ್‌ಟಾಪ್ ಕನ್ನಡದಲ್ಲೇ ಉಳಿಯುತ್ತದೆ.

ಫಾಂಟ್‌ಗಳ ವಿಷಯ ಸುಲಭ. ಹಳೆಯ ಟಿಟಿಎಫ್ ಕಡತಗಳನ್ನು ವೈನ್ ಒಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕುವ ಬದಲು ಲಿನಕ್ಸ್ ಬಳಕೆದಾರನ ಫಾಂಟ್ಸ್ ಫೋಲ್ಡರಿಗೇ ಹಾಕಿ, ಫಾಂಟ್ ಸಂಗ್ರಹವನ್ನು ನವೀಕರಿಸಿದರೆ ವೈನ್‌ಗೂ ಲಿಬ್ರೆಆಫೀಸ್‌ಗೂ ಒಟ್ಟಿಗೆ ಸಿಗುತ್ತವೆ. ಎರಡೂ ಕಡೆ ಬೇರೆಬೇರೆ ಆವೃತ್ತಿಯ ಒಂದೇ ಹೆಸರಿನ ಫಾಂಟ್ ಇದ್ದರೆ ಸಾಲುಗಳು ಬೇರೆಬೇರೆ ಕಡೆ ಮುರಿಯುತ್ತವೆ. ಹಾಗಾಗಿ ಒಂದೇ ಪ್ರತಿ ಇರಲಿ. ಯೂನಿಕೋಡ್ ಕನ್ನಡಕ್ಕೆ ವಿಂಡೋಸ್ ಪ್ರೋಗ್ರಾಂ ತುಂಗಾ ಫಾಂಟ್ ಕೇಳುವುದುಂಟು, ವೈನ್ ಬಳಿ ಅದಿಲ್ಲ, ಚೌಕಗಳು ಬರುತ್ತವೆ. ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಬರುತ್ತವೆ. ರಿಜಿಸ್ಟ್ರಿಯಲ್ಲಿ ವೈನ್ ವಿಭಾಗದ ಫಾಂಟ್ಸ್ ಕೆಳಗಿನ ರಿಪ್ಲೇಸ್‌ಮೆಂಟ್ಸ್‌ನಲ್ಲಿ ತುಂಗಾ ಎಂಬ ಹೆಸರಿಗೆ ಲೋಹಿತ್ ಕನ್ನಡ ಎಂದು ಬರೆದೆವು. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗಳಿಗೆ ಬದಲಿಯಾಗಿ ಲಿಬರೇಶನ್ ಫಾಂಟ್‌ಗಳಿದ್ದರೆ ಸಾಕು, ಅಕ್ಷರಗಳ ಅಗಲ ಒಂದೇ ಆದ್ದರಿಂದ ಇಂಗ್ಲಿಷ್ ಪುಟ ಕದಲುವುದಿಲ್ಲ.

ಹಳೆಯ ವರ್ಡ್ ಕಡತಗಳನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯುವವರಿಗೆ ಮೂರು ಮಾತು. ಲಿಬ್ರೆಆಫೀಸ್‌ನಲ್ಲಿ ಪಾಶ್ಚಾತ್ಯ ಪಠ್ಯಕ್ಕೊಂದು ಫಾಂಟ್, ಸಂಕೀರ್ಣ ಲಿಪಿಗೊಂದು ಫಾಂಟ್ ಎಂದು ಎರಡು ಪೆಟ್ಟಿಗೆಗಳಿವೆ. ಯೂನಿಕೋಡ್ ಕನ್ನಡ ಎರಡನೆಯದು. ಆದರೆ ಹಳೆಯ ಫಾಂಟ್‌ನ ಕನ್ನಡ ಅದರ ಲೆಕ್ಕದಲ್ಲಿ ಪಾಶ್ಚಾತ್ಯ ಪಠ್ಯ. ಆ ಫಾಂಟನ್ನು ಮೊದಲ ಪೆಟ್ಟಿಗೆಯಲ್ಲೇ ಆಯ್ದುಕೊಳ್ಳಬೇಕು. ಎರಡನೆಯದು, ಟೈಪ್ ಮಾಡುವ ಮೊದಲು ಸ್ವಯಂತಿದ್ದುಪಡಿಯನ್ನು ಪೂರ್ತಿ ಆರಿಸಿ. ವಾಕ್ಯದ ಮೊದಲಕ್ಷರವನ್ನು ದೊಡ್ಡಕ್ಷರ ಮಾಡುವ ಸೌಲಭ್ಯ 112ನ್ನು 80 ಮಾಡಿಬಿಟ್ಟರೆ ಕನ್ನಡದಲ್ಲಿ ಅಕ್ಷರವೇ ಬದಲಾಗುತ್ತದೆ. ಕರಡು ತಿದ್ದುವವರು ಎಷ್ಟು ಸಲ ತಿದ್ದಿದರೂ ಮತ್ತೆ ಹುಟ್ಟುವ ತಪ್ಪು ಇದು. ಮೂರನೆಯದು, 173ನೆಯ ಸ್ಥಾನ. 1252ರಲ್ಲಿ ಅದು ಮೃದು ಅಡ್ಡಗೆರೆ. ಸಾಲು ಮುರಿಯದ ಹೊರತು ಇಂದಿನ ತಂತ್ರಾಂಶಗಳು ಅದನ್ನು ತೋರಿಸುವುದೇ ಇಲ್ಲ. ಆ ಜಾಗದಲ್ಲಿ ಅಕ್ಷರಭಾಗ ಇಟ್ಟಿರುವ ಫಾಂಟ್ ನಿಮ್ಮದಾಗಿದ್ದರೆ ಆ ಒಂದು ಅಕ್ಷರ ಮಾತ್ರ ಪುಟದಿಂದ ಮಾಯವಾಗಿರುತ್ತದೆ. ಕಡತ ಕೆಟ್ಟಿದೆಯೆಂದು ಹೆದರಬೇಡಿ, ಸಂಖ್ಯೆ ಒಳಗೇ ಇರುತ್ತದೆ.

ಕೊನೆಗೆ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರಲೇಬೇಕು. ವೈನ್ ನಮಗೆ ಕೊಟ್ಟದ್ದು ಆ ಕೆಲಸವನ್ನು ನಿಧಾನವಾಗಿ ಮಾಡುವ ಸಮಯ. ಇದಕ್ಕೆ ಉಚಿತ ಪರಿವರ್ತಕಗಳಿವೆ, ಆದರೆ ಅವು ಎಲ್ಲಿ ಎಡವುತ್ತವೆ ಎಂದು ತಿಳಿದಿರಬೇಕು. ‘ಕು’ ಎಂಬುದು 80, 192, 196. ಇಲ್ಲಿ 196 ಕೊಂಬು. ಆದರೆ 170, 192, 196 ಬಂದರೆ ಅದು ‘ವು’ ಅಲ್ಲ, ‘ಮ’! ‘ವು’ಗೆ ಬೇರೆಯೇ ಕೊಂಬು, 197. ಒಂದೊಂದೇ ಸಂಖ್ಯೆ ಹಿಡಿದು ಬದಲಿಸುವ ಪರಿವರ್ತಕ ಎಲ್ಲ ಮಕಾರಗಳನ್ನೂ ‘ವು’ ಮಾಡಿ ಕೂರಿಸುತ್ತದೆ. ಉದ್ದದ ಜೋಡಣೆಯನ್ನು ಮೊದಲು ಹೊಂದಿಸಬೇಕು, ಆಮೇಲೆ ಚಿಕ್ಕದು. ಇನ್ನು ಅರ್ಕಾವೊತ್ತು. ‘ಕರ್ನಾಟಕ’ ಹಳೆಯ ಫಾಂಟ್‌ನಲ್ಲಿ 80, 192, 163, 193, 240, 108, 80, 192. ಅರ್ಕಾವೊತ್ತಿನ 240 ಬರುವುದು ‘ನಾ’ ಆದ ಮೇಲೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ರ, ಹಲಂತ, ಆಮೇಲೆ ‘ನಾ’. ಅಂದರೆ 240 ಕಂಡಾಗ ಒಂದು ಪೂರ್ತಿ ಅಕ್ಷರದಷ್ಟು ಹಿಂದೆ ಹೋಗಿ ರಕಾರವನ್ನು ಸೇರಿಸಬೇಕು. ‘ರ್ತ್ಯ’ದಂಥ ಮೇಲಿಂದ ಮೇಲೆ ಒತ್ತಿರುವ ಕಡೆ ಎಷ್ಟು ಹಿಂದೆ ಎಂಬುದರಲ್ಲೇ ಪರಿವರ್ತಕಗಳು ತಪ್ಪುತ್ತವೆ. ಪರೀಕ್ಷೆಗೆ ‘ಮರ್ತ್ಯ’, ‘ವೈಶಿಷ್ಟ್ಯ’, ‘ಕಾರ್ಯಕ್ರಮ’, ‘ಮುಮ್ಮಡಿ’ ಇಂಥ ಮೂವತ್ತು ಪದಗಳ ಕಡತವೊಂದನ್ನು ಇಟ್ಟುಕೊಂಡೆವು. ಅದು ದಾಟಿದ ಮೇಲಷ್ಟೇ ಪುಸ್ತಕಕ್ಕೆ ಕೈಹಾಕಿದೆವು.

ಪರಿವರ್ತನೆಯಲ್ಲಿ ಅತಿ ಹೆಚ್ಚು ಕಾಟ ಕೊಟ್ಟದ್ದು ನಡುವೆ ಬರುವ ಇಂಗ್ಲಿಷ್ ಪದಗಳು. ಬರಿಯ ಪಠ್ಯವಾಗಿ ತೆಗೆದರೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ಯಾವ ಯಂತ್ರವೂ ಹೇಳಲಾರದು. ಫಾಂಟ್‌ನ ಹೆಸರೊಂದೇ ಸಾಕ್ಷಿ. ಹಾಗಾಗಿ ಪಠ್ಯ ಕಡತವಾಗಿ ಉಳಿಸಬೇಡಿ. ಕಡತವನ್ನು ಲಿಬ್ರೆಆಫೀಸ್‌ನ ಓಡಿಟಿ ರೂಪದಲ್ಲಿ ಉಳಿಸಿ, ಹಳೆಯ ಫಾಂಟ್ ಹೆಸರಿರುವ ತುಣುಕುಗಳನ್ನಷ್ಟೇ ಬದಲಿಸುವ ಚಿಕ್ಕ ಪ್ರೋಗ್ರಾಂ (ಸ್ಕ್ರಿಪ್ಟ್) ಒಂದನ್ನು ಅದರ ಮೇಲೆ ಓಡಿಸಿ. ಇದರಿಂದ ದಪ್ಪಕ್ಷರ, ಕೋಷ್ಟಕಗಳೂ ಉಳಿಯುತ್ತವೆ. ಹೊಸ ಕೆಲಸವನ್ನೆಲ್ಲ ಈಗ ಲಿನಕ್ಸ್‌ನ ಕಗಪ ಕೀಲಿಮಣೆ ವಿನ್ಯಾಸದಲ್ಲಿ ನೇರವಾಗಿ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತೇವೆ.

ಬಿಲ್ಲಿಂಗ್ ತಂತ್ರಾಂಶಕ್ಕೆ ಬೇರೆ 32 ಬಿಟ್ ಪ್ರಿಫಿಕ್ಸ್. ವೈನ್‌ಟ್ರಿಕ್ಸ್‌ನಿಂದ ವಿಷುವಲ್ ಬೇಸಿಕ್ 6ಕ್ಕೆ ಬೇಕಾದ ವಿಬಿ6ರನ್ ಮತ್ತು ಡೇಟಾಬೇಸ್‌ಗೆ ಬೇಕಾದ ಜೆಟ್40 ಹಾಕಿದ ಮೇಲೆ ತೆರೆಯಿತು. ಟರ್ಮಿನಲ್‌ನಿಂದ ನಡೆಸಿ ಸಂದೇಶಗಳನ್ನು ಓದುವುದೇ ಇಲ್ಲಿ ದಾರಿ. ಫಿಕ್ಸ್‌ಮಿ ಎಂದು ಶುರುವಾಗುವ ಸಾಲುಗಳು ನೂರಿದ್ದರೂ ಹೆಚ್ಚಿನವು ನಿರುಪದ್ರವಿ. ಹುಡುಕಬೇಕಾದದ್ದು ಇಆರ್‌ಆರ್ ಎಂಬ ಸಾಲು. ಯಾವ ಡಿಎಲ್‌ಎಲ್ (ಸಹಾಯಕ ಕಡತ) ಇಲ್ಲವೆಂದು ಅದೇ ಹೇಳುತ್ತದೆ. ಓಸಿಎಕ್ಸ್ ಕಡತ ನೋಂದಾಯಿಸಿಲ್ಲವೆಂದರೆ ಅದನ್ನು ನೋಂದಾಯಿಸುವ ರೆಗ್‌ಎಸ್‌ವಿಆರ್32 ವೈನ್‌ನಲ್ಲೂ ಇದೆ. ಕೇಳಿದ ಡಿಎಲ್‌ಎಲ್ ಅಷ್ಟನ್ನೇ ಕೊಡಬೇಕು. ಹಳೆಯ ವಿಂಡೋಸ್‌ನಿಂದ ಕರ್ನೆಲ್32, ಯೂಸರ್32, ಜಿಡಿಐ32, ಎನ್‌ಟಿಡಿಎಲ್‌ಎಲ್ ತಂದು ಹಾಕಿದರೆ ಇಡೀ ಪ್ರಿಫಿಕ್ಸ್ ನೆಲಕಚ್ಚುತ್ತದೆ. ಲಿನಕ್ಸ್ ಜೊತೆ ಮಾತಾಡುವುದು ಬಲ್ಲವರು ವೈನ್‌ನ ಸಹಾಯಕರು ಮಾತ್ರ.

ಬಿಲ್ಲು ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಆ ತಂತ್ರಾಂಶ ನೇರವಾಗಿ ಎಲ್‌ಪಿಟಿ1 ಎಂಬ ಪ್ರಿಂಟರ್ ಪೋರ್ಟ್‌ಗೆ ಬರೆಯುತ್ತದೆ. ಪ್ರಿಫಿಕ್ಸ್‌ನ ಡಾಸ್‌ಡಿವೈಸಸ್ ಫೋಲ್ಡರಿನಲ್ಲಿ ಎಲ್‌ಪಿಟಿ1 ಎಂಬ ಹೆಸರಿನ ಕೊಂಡಿಯನ್ನು ಲಿನಕ್ಸ್‌ನ ಯುಎಸ್‌ಬಿ ಪ್ರಿಂಟರ್ ಸಾಧನಕ್ಕೆ ಹಾಕಿ, ಬಳಕೆದಾರನನ್ನು ಎಲ್‌ಪಿ ಗುಂಪಿಗೆ ಸೇರಿಸಿದೆವು. ಮೊದಲ ಬಿಲ್ಲು ಬಂತು, ಮಧ್ಯಾಹ್ನದ ಹೊತ್ತಿಗೆ ಸಾಧನವೇ ಕಾಣೆ. ಅದೇ ಪ್ರಿಂಟರನ್ನು ಯಾರೋ ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನಲ್ಲೂ ಸೇರಿಸಿದ್ದರು. ಕಪ್ಸ್ ಮುದ್ರಿಸುವಾಗ ಕರ್ನೆಲ್‌ನ ಯುಎಸ್‌ಬಿಎಲ್‌ಪಿ ಚಾಲಕವನ್ನು ಬಿಡಿಸಿ ತಾನೇ ನೇರವಾಗಿ ಹಿಡಿಯುತ್ತದೆ, ಆಗ ಆ ಸಾಧನ ಕಡತ ಇಲ್ಲವಾಗುತ್ತದೆ. ಕಪ್ಸ್‌ನಿಂದ ಆ ಪ್ರಿಂಟರನ್ನು ತೆಗೆದ ಮೇಲೆ ತೊಂದರೆ ಮರುಕಳಿಸಿಲ್ಲ. ಲೇಸರ್ ಪ್ರಿಂಟರ್‌ಗೆ ಇದಾವುದೂ ಬೇಡ, ಕಪ್ಸ್‌ನಲ್ಲಿರುವುದನ್ನು ವೈನ್ ತಾನೇ ಕಂಡುಕೊಳ್ಳುತ್ತದೆ.

ಸ್ಟಿಕರ್ ಕಟಿಂಗ್ ತಂತ್ರಾಂಶ ಮಾತ್ರ ವೈನ್‌ಗೆ ಒಗ್ಗಲಿಲ್ಲ, ಒಗ್ಗಿಸಲು ಎರಡು ದಿನ ಕಳೆದದ್ದು ವ್ಯರ್ಥ. ಡಾಂಗಲ್ ಓದುವುದು ವಿಂಡೋಸ್ ಕರ್ನೆಲ್ ಒಳಗೆ ಕೂರುವ ಚಾಲಕ. ವೈನ್ ಇರುವುದು ಕರ್ನೆಲ್‌ನ ಹೊರಗೆ, ಅಂಥ ಚಾಲಕಕ್ಕೆ ಯಂತ್ರಾಂಶವನ್ನು ಮುಟ್ಟಲು ಬಿಡುವ ಸ್ಥಾನ ಅದಕ್ಕಿಲ್ಲ. ಪಟ್ಟಿ ಮಾಡುವಾಗ ಡಾಂಗಲ್ ಎಂದು ಕಂಡರೆ ಅಲ್ಲೇ ನಿಲ್ಲಿಸಿ, ವರ್ಚುವಲ್ ಯಂತ್ರದ (ಲಿನಕ್ಸ್ ಒಳಗೆ ಇಡೀ ವಿಂಡೋಸನ್ನೇ ಓಡಿಸುವ ತೋರಿಕೆಯ ಕಂಪ್ಯೂಟರಿನ) ಲೆಕ್ಕ ಹಾಕಿ. ಪರವಾನಗಿ ಇದ್ದ ಹಳೆಯ ವಿಂಡೋಸನ್ನು ವರ್ಚುವಲ್‌ಬಾಕ್ಸ್‌ನಲ್ಲಿ ಹಾಕಿ, ಅದರ ನೆಟ್‌ವರ್ಕ್ ಪೂರ್ತಿ ಕಡಿದು, ಡಾಂಗಲ್ ಮತ್ತು ಕಟರ್ ಎರಡನ್ನೂ ಯುಎಸ್‌ಬಿ ಫಿಲ್ಟರ್ ಮೂಲಕ ಒಳಗೆ ಬಿಟ್ಟೆವು. 4 ಜಿಬಿ ಸಾಲದೆ ಆ ಒಂದು ಯಂತ್ರಕ್ಕೆ 8 ಜಿಬಿ ಹಾಕಬೇಕಾಯಿತು.

ಎಲ್ಲ ಸರಿಹೋದ ದಿನವೇ ಪ್ರತಿ ಪ್ರಿಫಿಕ್ಸನ್ನು ಟಾರ್ ಕಡತವಾಗಿ ಕಟ್ಟಿಟ್ಟೆವು. ಬೇರೆ ಯಂತ್ರದಲ್ಲಿ ಬಿಚ್ಚಿದರೆ ಹಾಗೆಯೇ ಓಡುತ್ತದೆ, ಲಿನಕ್ಸ್‌ನ ಬಳಕೆದಾರ ಹೆಸರು ಒಂದೇ ಇದ್ದರೆ ಮಾತ್ರ. ಹೆಸರು ಬೇರೆಯಾದರೆ ವೈನ್ ಯೂಸರ್ಸ್ ಫೋಲ್ಡರಿನಲ್ಲಿ ಹೊಸ ಮನೆ ಕಟ್ಟಿ, ಹಳೆಯ ಸೆಟ್ಟಿಂಗ್‌ಗಳು ಹಳೆಯ ಹೆಸರಿನಲ್ಲೇ ಉಳಿದುಬಿಡುತ್ತವೆ. ನಾಲ್ಕೂ ಯಂತ್ರಗಳಲ್ಲಿ ಹೆಸರು ಒಂದೇ ಮಾಡಿದೆವು. ವೈನ್‌ನ ಆವೃತ್ತಿ ಏರಿದಾಗ ಪ್ರಿಫಿಕ್ಸ್ ತಾನೇ ಹೊಸದಕ್ಕೆ ಬದಲಾಗುತ್ತದೆ, ಹಿಂದಕ್ಕೆ ಬರುವುದಕ್ಕೆ ಖಾತರಿಯಿಲ್ಲ. ಅದಕ್ಕೇ ವೈನ್ ಪ್ಯಾಕೇಜುಗಳನ್ನು ಡೆಬಿಯನ್‌ನ ಪ್ಯಾಕೇಜ್ ಸಾಧನವಾದ ಏಪಿಟಿಯಲ್ಲಿ ತಾನಾಗಿ ಏರದಂತೆ ಹಿಡಿದಿಟ್ಟಿದ್ದೇವೆ. ಹೊಸ ಆವೃತ್ತಿ ಬಂದಾಗ ನಾಲ್ಕನೇ ಯಂತ್ರದಲ್ಲಿ ಮಾತ್ರ ಬಿಡುಗಡೆ ಮಾಡಿ, ಟಾರ್ ಕಡತ ಬಿಚ್ಚಿ, ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು ಮುದ್ರಿಸುತ್ತೇವೆ. ‘ಆಶೀರ್ವಾದ’ದ ಅರ್ಕಾವೊತ್ತು ತನ್ನ ಜಾಗದಲ್ಲಿದ್ದರೆ ಉಳಿದ ಮೂರಕ್ಕೂ ಹಾಕುತ್ತೇವೆ.